ನೆಗ್ರೋನಿಗೆ ಮಂಗಳಾರತಿ

ಮೂರೇ ಪದಾರ್ಥ, ಸಮಪಾಲು. ಒಂದು ಪಾಲು ಜಿನ್, ಒಂದು ಪಾಲು ವರ್ಮುತ್, ಒಂದು ಪಾಲು ಕೆಂಪನೆಯ ಕಹಿ ಮದ್ಯ. ಮೇಲೊಂದು ಕಿತ್ತಳೆ ಸಿಪ್ಪೆ. ರಾಯದುರ್ಗದಲ್ಲಿ ಇಪ್ಪತ್ತು ವರ್ಷದಿಂದ ಜೀನ್ಸ್ ಪ್ಯಾಂಟಿನ ಜಿಪ್ಪು ಮಾರುತ್ತಿರುವ, ಜಿಪ್ಪಿನ ಅಳತೆಯನ್ನು ಕಣ್ಣು ಮುಚ್ಚಿ ಹೇಳಬಲ್ಲ ನನಗೆ ಮೂರು ಪದಾರ್ಥ ಯಾವ ಲೆಕ್ಕ!

ಹಾಗೆ ನೋಡಿದರೆ ನಾನು ಜನ್ಮದಲ್ಲಿ ಒಂದು ಹನಿ ಕುಡಿದವನಲ್ಲ. ಬೀದಿಯಲ್ಲಿ ನನಗಿದ್ದ ಮಾನವೆಲ್ಲ ಆ ಒಂದು ಗುಣದಿಂದಲೇ ಬಂದದ್ದು. ಆದರೆ ಮಡಕಶಿರಾದ ಬೀಗರು, ಅಂದರೆ ನನ್ನ ಮಗಳ ಮಾವ ತಿಪ್ಪೇಸ್ವಾಮಪ್ಪನವರು, ಗೋವಾಕ್ಕೆ ಹೋಗಿ ಬಂದು ಈ ನೆಗ್ರೋನಿ ಎಂಬ ಪಾನೀಯವನ್ನು ಫೋನಿನಲ್ಲಿ ಮೂರು ಸಲ ವರ್ಣಿಸಿದರು.

"ಮೊದ್ಲು ಕಹಿ, ಆಮ್ಯಾಲೆ ಸಿಹಿ ಕಣ್ರೀ ಬೀಗ್ರೆ! ನಿಮ್ಮೂರಾಗೆ ಇಂಥವೆಲ್ಲ ಎಲ್ ಸಿಗ್ತೈತೆ? ಜಿಪ್ಪು ಸಿಗ್ತೈತೆ, ಅಷ್ಟೆ!"

ಜಿಪ್ಪಿನ ಮಾತು ಎದೆಗೆ ನಾಟಿತು. "ಸೋಮವಾರ ಸಂಜಿಗೆ ಬರ್ರಿ, ನಾನೇ ಮಾಡಿ ಕುಡಸ್ತೀನಿ" ಎಂದುಬಿಟ್ಟೆ.

ಜಿನ್ನೂ ಒಂದು ಬಾಟಲಿ ಸಿಹಿ ವೈನೂ ಗೆಳೆಯನೊಬ್ಬನ ಚೀಲದಲ್ಲಿ ಬಂದವು. ಹೇಗೆ ಬಂದವು ಎಂದು ಕೇಳಬೇಡಿ. ಕೆಂಪನೆಯ ಕಹಿ ಮದ್ಯ ಊರಲ್ಲೆಲ್ಲೂ ಸಿಗಲಿಲ್ಲ. ಹಾಗಲಕಾಯಿ ರಸಕ್ಕೆ ಬೀಟ್‌ರೂಟ್ ಹಿಂಡಿದೆ. ಕಹಿಯೂ ಆಯಿತು, ಕೆಂಪೂ ಆಯಿತು! ಇನ್ನು ವರ್ಮುತ್ ಎಂದರೆ ವೈನಿನಲ್ಲಿ ಒಂದು ಕಹಿ ಸೊಪ್ಪನ್ನು ನೆನೆಸಿದ್ದು. ಆ ಸೊಪ್ಪು ನಮ್ಮ ದವನದ ದಾಯಾದಿ ಎಂದು ಮೊಬೈಲು ಹೇಳಿತು. ದವನಕ್ಕೇನು ಬರ? ಗುಡಿಯ ಮುಂದೆ ಹೂವು ಮಾರುವ ಲಕ್ಷ್ಮಕ್ಕನ ಬುಟ್ಟಿಯಲ್ಲೇ ಇತ್ತು.

"ಅಷ್ಟೂ ಕೊಡವ್ವ" ಎಂದೆ.

"ಇಷ್ಟು ದವನಾ! ಮನ್ಯಾಗ ಪೂಜಿ ಇಟ್ಕೊಂಡೀರೇನ್ರಿ?"

ನೆಗ್ರೋನಿ ಇಟ್ಟುಕೊಂಡಿದ್ದೇನೆ ಎನ್ನಲಾದೀತೆ? "ಹೌದವ್ವ" ಎಂದೆ.

"ಇವತ್ತ ಸಂಜಿಗೇನ್ರಿ?"

"ಹೌದವ್ವ."

ಸೋಮವಾರ, ಕೈತುಂಬ ದವನ, ಎರಡು ಹೌದವ್ವ. ಮುಂದಿನದಕ್ಕೆ ನಾನು ಯಾರನ್ನೂ ದೂರುವ ಹಾಗಿಲ್ಲ.

ಹೆಂಡತಿ ಗೌರಮ್ಮನನ್ನು ಹಪ್ಪಳದ ನೆಪ ಹೇಳಿ ಅವಳ ತಂಗಿಯ ಮನೆಗೆ ಸಾಗಹಾಕಿ ಕೆಲಸಕ್ಕೆ ಇಳಿದೆ. ಹಾಗಲಕಾಯಿ ರಸ ಹೆಚ್ಚಾಯಿತು. ಸಮಪಾಲು ತಪ್ಪಬಾರದಲ್ಲ, ಜಿನ್ ಪೂರ್ತಿ ಸುರಿದೆ. ಅದಕ್ಕೆ ಸಮನಾಗಿ ವೈನನ್ನೂ ಪೂರ್ತಿ ಸುರಿದೆ. ಲೋಟ ಸಾಲದೆ ಜಗ್ಗು ಬಂತು, ಜಗ್ಗು ಸಾಲದೆ ಹಿತ್ತಾಳೆಯ ಸಣ್ಣ ಬಿಂದಿಗೆ ಬಂತು. ದವನವನ್ನು ಕಟ್ಟುಗಟ್ಟಲೆ ಅದರೊಳಗೆ ಸಿಕ್ಕಿಸಿದೆ. ತುದಿಗಳು ಬಾಯಿಂದ ಹೊರಗೆ ನಿಂತವು. ತಂಪಾಗಿರಲೆಂದು ಪಡಸಾಲೆಯಲ್ಲಿ ಮಣೆ ಹಾಕಿ ಅದರ ಮೇಲಿಟ್ಟೆ.

ಐದು ಗಂಟೆಗೆ ಬಾಗಿಲು ಬಡಿದ ಸದ್ದು. ಬೀಗರೇ ಬಂದರೆಂದು ಓಡಿ ತೆಗೆದೆ. ಎದುರಿಗೆ ಲಕ್ಷ್ಮಕ್ಕ! ಅವಳ ಹಿಂದೆ ತೆಂಗಿನಕಾಯಿ, ಬಾಳೆಹಣ್ಣು ಹಿಡಿದ ಅರ್ಧ ಬೀದಿ. ನಡುವೆ ಗಂಟೆ ಹಿಡಿದ ಗುಡಿಯ ಅಯ್ಯನವರು. ಅವರನ್ನೆಲ್ಲ ಸರಿಸಿಕೊಂಡು ಬಂದಳು ಗೌರಮ್ಮ.

"ನಮ್ಮನ್ಯಾಗ ಪೂಜಿ ಐತಂತ ನನಗ ಹೂವಿನಾಕಿ ಹೇಳಬೇಕೇನ್ರಿ?"

ಎಲ್ಲರ ಹಿಂದೆ ಕೈಚೀಲ ಹಿಡಿದ ಬೀಗರು, ನಾಲಿಗೆ ಸವರಿಕೊಳ್ಳುತ್ತ!

ಅಯ್ಯನವರು ಒಳಗೆ ಬಂದವರೇ ಬಿಂದಿಗೆ ನೋಡಿ ಕೈಮುಗಿದರು. "ಆಹಾ! ಕಳಶ ಆಗ್ಲೇ ಕೂಡ್ಸ್ಯಾರ. ಭಕ್ತಿ ಅಂದ್ರ ಇದು ನೋಡ್ರಿ!"

ನಾನು ಬಾಯಿ ತೆರೆಯುವಷ್ಟರಲ್ಲಿ ಬಿಂದಿಗೆಯ ಬಾಯಿಗೆ ತೆಂಗಿನಕಾಯಿ ಕೂತಿತ್ತು, ಹೊಟ್ಟೆಗೆ ಮೂರು ಪಟ್ಟೆ ವಿಭೂತಿ ಬಿದ್ದಿತ್ತು. ಗೌರಮ್ಮ ಹೂವು ಏರಿಸಲು ಬಗ್ಗಿದಳು. ಬಗ್ಗಿದವಳು ಏಳಲಿಲ್ಲ. ಒಮ್ಮೆ ಮೂಸಿದಳು. ಇನ್ನೊಮ್ಮೆ ಮೂಸಿದಳು. ಆಮೇಲೆ ನಿಧಾನವಾಗಿ ಎದ್ದು ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ.

"ಸಂಕಲ್ಪ ಏನಂತ ಹೇಳ್ಲಿ ಯಜಮಾನ್ರ?" ಅಯ್ಯನವರು ಕೇಳಿದರು.

ಉತ್ತರ ಗೌರಮ್ಮನಿಂದ ಬಂತು, ಬೀದಿಯ ಆ ತುದಿಗೂ ಕೇಳುವಂತೆ. "ಇವ್ರು ಇವತ್ತಿನಿಂದ ಕುಡಿಯೋದು ಬಿಡ್ತಾರಂತ್ರಿ!"

"ಅಯ್ಯೋ ದೇವುಡಾ! ಇವ್ರು ಕುಡೀತಿದ್ರಾ?" ಎಂದಿತು ಅರ್ಧ ಬೀದಿ.

ಇಲ್ಲ ಎಂದರೆ ಬಿಂದಿಗೆಯಲ್ಲಿ ಏನಿದೆ ಎಂದು ಅವಳು ಹೇಳುತ್ತಾಳೆ. ಹೌದು ಎಂದರೆ ಐವತ್ತೈದು ವರ್ಷದ ಮಾನ ಹೋಗುತ್ತದೆ. ನಾನು ನನ್ನ ನೆಗ್ರೋನಿಯನ್ನೇ ಎರಡೂ ಕೈಯಲ್ಲಿ ಮುಟ್ಟಿ, ಇನ್ನು ಮುಂದೆ ಕುಡಿಯುವುದಿಲ್ಲವೆಂದು ಆಣೆ ಮಾಡಿದೆ. ಗಂಟೆ ಮೊಳಗಿತು. ನೆಗ್ರೋನಿಗೆ ಮಂಗಳಾರತಿ ಆಯಿತು. ನನ್ನದು ರಾತ್ರಿಗೆ ಬಾಕಿ ಉಳಿಯಿತು.

ಅಯ್ಯನವರು ಕಳಶದ ನೀರು ಪ್ರೋಕ್ಷಣೆ ಮಾಡಲು ಕೈ ಚಾಚಿದರು. "ಬ್ಯಾಡ್ರಿ, ಇದು ಹರಕಿ ಕಳಶ, ಗಿಡಕ್ಕ ಹಾಕ್ಬೇಕು" ಎಂದು ಗೌರಮ್ಮ ಬಿಂದಿಗೆ ಎತ್ತಿಕೊಂಡು ಹಿತ್ತಲಿಗೆ ನಡೆದು ಬಾಳೆಗಿಡದ ಬುಡಕ್ಕೆ ಗಳಗಳ ಸುರಿದಳು. ಬೀಗರು ಕಡೆಯ ಹನಿಯವರೆಗೂ ನೋಡಿ, ನನ್ನ ಕಿವಿಯಲ್ಲಿ ಹೇಳಿದರು.

"ಕಹಿ ಆತು ಬಿಡ್ರಿ ಬೀಗ್ರೆ. ಸಿಹಿ ಯಾವಾಗ್ ಬತ್ತೈತೆ?"

ಮರುದಿನ ಅಂಗಡಿಗೆ ಲಕ್ಷ್ಮಕ್ಕ ಬಂದಳು, ಗಂಡನನ್ನು ರಟ್ಟೆ ಹಿಡಿದು ಎಳೆದುಕೊಂಡು.

"ಇವ್ನಿಗೂ ಒಂದೀಟು ಬುದ್ಧಿ ಹೇಳ್ರಿ. ನಿಮ್ಮಂಥಾ ಕುಡುಕ್ರೇ ಬಿಟ್ಟೀರಿ. ಬಿಡಾಕ ಭಾಳ ಕಷ್ಟ ಆತೇನ್ರಿ?"

ನಾಲಿಗೆಗೆ ಒಂದು ಹನಿ ಸೋಕುವ ಮೊದಲೇ ಕುಡಿತ ಬಿಟ್ಟ ಮಹಾನುಭಾವ ನಾನು!

"ಹೌದವ್ವ" ಎಂದೆ.