ಮಗ್ಗದ ಗಂಟಲಿಗೊಂದು ಹೆಣ್ಣು

ಯಂತ್ರದ ಮಗ್ಗದ ಮುಂದ ಹತ್ತು ವರ್ಷ ನಿಂತಾಂವಗ ಇಂಥಾ ಫಜೀತಿ ಒಂದಿಲ್ಲೊಂದು ಆಗಾವ, ತಪ್ಪಂಗಿಲ್ಲ. ಇಚಲಕರಂಜಿ ಶೆಡ್ಡಿನಾಗ ಅಷ್ಟೂ ಮಗ್ಗ ಒಮ್ಮೆಲೇ ಖಟಕ್ ಖಟಕ್ ಅಂದ್ರ ಬಾಜೂದವನ ಮಾತು ಬ್ರಹ್ಮಗೂ ಕೇಳಂಗಿಲ್ಲ. ಹಿಂಗಾಗಿ ನಮಗ ಎರಡ ಭಾಷಾ: ಒಂದು ಕೈಸನ್ನಿ, ಇನ್ನೊಂದು ಚೀರೂದು. ಮಂದಿ ಆಡೂ ಸಾದಾ ಮಾತು ನನಗ ಮರತ ಹೋಗಿತ್ತು. ಆಡಾಕರ ಯಾರಿದ್ರು? ಅವ್ವ ಅಪ್ಪ ತೀರಿದ್ರು. ಗಡಹಿಂಗ್ಲಜದಾಗ ಒಬ್ಬಾಕಿ ಸೋದರತ್ತಿ ಬಿಟ್ರ ನನ್ನವ್ರು ಅಂಬೋರಿಲ್ಲ. ಸಂಜಿಗೆ ಮಗ್ಗ ನಿಂತು ಖೋಲಿಗೆ ಬಂದ್ರ ಕಿವಿ ಗುಂಯ್ ಅಂತಿತ್ತು. ‘ಉಂಡ್ಯಾ?’ ಅಂತ ಕೇಳೂ ಪ್ರಾಣಿ ಇಲ್ಲ. ಕಡೀಕ ಗ್ವಾಡಿಮ್ಯಾಲಿನ ಹಲ್ಲಿ ಜೋಡಿ ಮಾತಾಡಾಕ ಸುರು ಮಾಡಿದೆ. ಅದೂ ನನ್ನ ದನಿಗೆ ಹೆದರಿ ಖೋಲಿ ಖಾಲಿ ಮಾಡಿತು.

ಎರಡು ಬಟ್ಟು

ನನ್ನ ಊಟ ಒಬ್ಬಾಕಿ ಮರಾಠಿ ಮಾವಶಿ ಖಾನಾವಳ್ಯಾಗ. ನಮ್ಮ ಶೆಡ್ಡಿನಾಗ ಎರಡು ಬಟ್ಟು ಎತ್ತಿದ್ರ ‘ಸಾಕು, ನಿಂದರಸು’ ಅಂತ. ಮೊದಲನೇ ದಿನ ಮಾವಶಿ ರೊಟ್ಟಿ ಬುಟ್ಟಿ ಹಿಡಕೊಂಡು ಬಂದಾಗ ಬಾಯಾಗ ತುತ್ತಿತ್ತು, ಎರಡು ಬಟ್ಟು ಎತ್ತಿದೆ. ತಾಟಿನಾಗಿನ ಎರಡರ ಮ್ಯಾಲ ಇನ್ನೆರಡು ಭಕ್ರಿ ಬಿದ್ದವು. ಗಾಬರಿಯಾಗಿ ಮತ್ತ ಎತ್ತಿದೆ. ಮತ್ತ ಎರಡು! ಬಡಿಸಿದ್ದು ಬಿಡಬಾರದು ಅಂತ ಅವ್ವ ಕಲಿಸಿದ್ಳು. ಆರು ಭಕ್ರಿ ಮುಗಿಸಿ ಗ್ವಾಡಿ ಹಿಡಕೊಂಡು ಎದ್ದೆ.

ಜೋಡಿ ಕುಂತಾಂವ, “ಬಾಯಿಬಿಟ್ಟು ಹೇಳಬಾರದೇನಲೇ?” ಅಂದ.

“ನಾಳೆ ಹೇಳ್ತೇನಿ,” ಅಂದೆ. ಮರುದಿನ ಹೋಗೂದ್ರಾಗ ಮಾವಶಿ ನನ್ನ ತಾಟಿನಾಗ ಭಕ್ರಿ ಪೇರಿಸಿ ಇಟ್ಟು, “ಜೇವ ಬಾಳಾ, ಪೋಟಭರ ಜೇವ,” ಅಂತ ಬೆನ್ನಮ್ಯಾಲ ಕೈ ಇಟ್ಳು. ಹೊಟ್ಟಿ ತುಂಬ ಉಣ್ಣು ಮಗಾ ಅಂತ ಅವ್ವ ಹೋದಮ್ಯಾಲ ಯಾರೂ ಅಂದಿರಲಿಲ್ಲ. ಹೇಳಾಕ ಮನಸ ಬರಲಿಲ್ಲ. ವರ್ಷಗಟ್ಟಲೆ ಆರು ಭಕ್ರಿ ತಿಂದೆ. ಅಲ್ಲಿ ಕಲತದ್ದಿಷ್ಟ: ಪ್ರೀತಿಲೆ ಬಡಿಸಿದ್ದಕ್ಕ ಸಾಕು ಅನಬಾರದು, ಕಿಸೇದಾಗ ಓಂಕಾಳು ಇಟಗೋಬೇಕು.

ಪಿಸುಮಾತು

ನನ್ನ ಹೊಟ್ಟಿ ಬಂದದ್ದು ನೋಡಿ ಅತ್ತಿ, “ಇವಗ ಇನ್ನ ಹೆಂಡ್ತಿ ಬೇಕು,” ಅಂತ ಠರಾಯಿಸಿದ್ಳು. ಕೊಲ್ಲಾಪುರದಾಗ ಒಬ್ಬ ಬೆಲ್ಲದ ವ್ಯಾಪಾರಿ ಮನಿಗೆ ಕನ್ಯಾ ನೋಡಾಕ ಹೋದ್ವಿ. ಹುಡಿಗಿ ಅವಲಕ್ಕಿ ತಂದಿಟ್ಟು ಕುಂತ್ಳು. ಭಾಳ ಚಲೋ ಇದ್ಳು. ಅತ್ತಿ ಕಿವಿಗೆ ಬಗ್ಗಿ ಪಿಸುಗುಟ್ಟಿದೆ: “ಹುಡಿಗಿ ಮನಸಿಗೆ ಬಂದಾಳ, ಆದ್ರ ಅವಲಕ್ಕಿಗೆ ಉಪ್ಪ ಇಲ್ಲ!”

ನನ್ನ ಲೆಕ್ಕದಾಗ ಅದು ಪಿಸುಮಾತು. ಆದ್ರ ಓಣಿ ಆಚಿಂದ ಒಬ್ಬಾಕಿ ಬಟ್ಟಲದಾಗ ಉಪ್ಪು ತುಂಬಕೊಂಡು ಓಡಿ ಬಂದ್ಳು.

ಎಂಟು ದಿನಕ್ಕ ಹುಡಿಗಿ ಅಪ್ಪನ ನಿರೋಪ ಬಂತು: “ನಮಗ ಬೇಕಾಗಿದ್ದು ಅಳಿಯಾ, ಡಂಗುರ ಸಾರಾಂವ ಅಲ್ಲ.”

ಮೌನವ್ರತ

“ಈ ಸಲ ಬಾಯಿ ತಗದ್ರ ನೋಡು!” ಅಂತ ಅತ್ತಿ ಆಣಿ ಹಾಕಿ ದತ್ತವಾಡಕ್ಕ ಕರಕೊಂಡು ಹೋದ್ಳು. ಕಬ್ಬು ಬೆಳೆಯೋ ಒಕ್ಕಲುತನದ ಮನಿ. ಹುಡಿಗಿ ಅಪ್ಪ, “ಎಷ್ಟು ಮಗ್ಗ ನೋಡಕೋತೀರಿ?” ಅಂದ. ಎರಡು ಬಟ್ಟು ತೋರಿಸಿದೆ. “ಪ್ರಯಾಣ ಆರಾಮ ಆತ್ರೀ?” ಗೋಣು ಹಾಕಿದೆ. “ನಿಮ್ಮ ಊರು ಹೆಂಗ?” ಕೈ ಅಳ್ಳಾಡಿಸಿದೆ.

ಹುಡಿಗಿ ಅವ್ವ ಸೆರಗಿಲೆ ಕಣ್ಣು ಒರಸಕೊಂಡ್ಳು. “ಮಾರಿ ಲಕ್ಷಣ ಐತ್ರಿ. ಪಾಪ, ದೇವ್ರು ಮೂಕನ್ನ ಮಾಡ್ಯಾನ.”

ತಡಕೊಳ್ಳಾಕ ಆಗಲಿಲ್ಲ. “ನಾ ಮೂಕ ಅಲ್ರೀ!” ಅಂದೆ.

ಅಂಗಳದಾಗಿನ ಎತ್ತು ಹಗ್ಗ ಹರಕೊಂಡು ಕಬ್ಬಿನಾಗ ಹೊಕ್ಕಿತು. ಮನಿಮಂದಿ ಎಲ್ಲಾ ಅದರ ಬೆನ್ನ ಹತ್ತಿದ್ರು. ನಾನೂ “ಹೋ! ಹೋ!” ಅಂತ ಓಡಿದೆ. ನನ್ನ ದನಿ ಕೇಳಿ ಅದು ಇನ್ನಷ್ಟು ಓಡಿತು. ಹುಡಿಗಿ ಅಪ್ಪ ಕೈ ಮುಗದು, “ನೀ ಮೂಕ ಆಗೇ ಇರೋ ಮಾರಾಯಾ!” ಅಂದ.

ತಿರುಗಿ ಬರೂವಾಗ ಗಾಡ್ಯಾಗ ಅತ್ತಿ ಮೊಣಕಾಲು ತಿಕ್ಕೋತ ಕುಂತಿದ್ಳು. ಆ ಎತ್ತಿಗರ ಓಡಾಕ ಕಬ್ಬಿನ ಹೊಲ ಇತ್ತು. ನನಗ ಅದ ಖೋಲಿ, ಅದೂ ಹಲ್ಲಿ ಇಲ್ಲದ್ದು.

ಜೋರ ಹೇಳು

“ಇದ ಕಡೀದು,” ಅಂದ್ಳು ಅತ್ತಿ. “ನನ್ನ ಮೊಣಕಾಲು ಹೋಗ್ಯಾವ. ಇದೂ ತಪ್ಪಿದ್ರ ಜನ್ಮಪೂರ್ತಿ ಒಬ್ಬಾಂವ ಇರು.”

ಗಡಹಿಂಗ್ಲಜದಾಗ ಅತ್ತಿ ಓಣ್ಯಾಗಿಂದ ಒಂದು ಮನಿ. ಪಿಸುಗುಟ್ಟಿ ಕೆಟ್ಟೆ, ಸುಮ್ಮನಿದ್ದೂ ಕೆಟ್ಟೆ. ಈ ಸಲ ಕುಂತ ಕೂಡ್ಲೇ ಖರೇ ಹೇಳಿಬಿಟ್ಟೆ: “ನಂದು ಮಗ್ಗದ ಗಂಟಲು ಐತ್ರಿ. ಸಣ್ಣಾಗಿ ಮಾತಾಡಾಕ ಬರಂಗಿಲ್ಲ. ಆದ್ರ ಸಿಟ್ಟಿನಾಂವ ಅಲ್ಲ!”

ಗ್ವಾಡಿಗೆ ನಿಂದರಿಸಿದ್ದ ಕೊಡ ಝಂಯ್ ಅಂತು. ಹುಡಿಗಿ ಅಪ್ಪ ಮಾರಿ ಒರಸಕೊಂಡು, “ವಿಚಾರ ಮಾಡಿ ಹೇಳಿ ಕಳಸ್ತೇವ್ರಿ,” ಅಂದ. ಒಲ್ಲೆ ಅನ್ನೂದಕ್ಕ ನಮ್ಮ ಮಂದಿ ಹಿಂಗ ಅಂತಾರ. ಅತ್ತಿ ಕಣ್ಣಾಗ ನೀರು ಬಂತು. ನಾ ಚಪ್ಪಲಿ ಹುಡುಕಾಕತ್ತಿದೆ.

ಅಷ್ಟ್ರಾಗ ಮೂಲ್ಯಾಗ ಕುಂತಿದ್ದ ಹಣ್ಣ ಹಣ್ಣ ಮುದುಕಿ, ಹುಡಿಗಿ ಆಯಿ ಅಂದ್ರ ಅಜ್ಜಿ, ಕೋಲು ಬಡದ್ಳು. ಆಕಿಗೆ ಕಿವಿ ಕೇಳತಿರಲಿಲ್ಲ. ಮಂದಿ ಆಕಿ ಜೋಡಿ ಮಾತಾಡೂದ ಬಿಟ್ಟಿದ್ರು.

“ಯಾರಪಾ ನೀ? ನಮ್ಮ ಕೂಸಿನ ಬಿಟ್ರ ನಿನ್ನ ಮಾತ ನೋಡು ನನಗ ಕೇಳಿದ್ದು! ಬಾ ಇಲ್ಲಿ. ಉಂಡ್ಯಾ?”

ಉಂಡ್ಯಾ ಅಂದ್ಳು! ಜನ್ಮದಾಗ ಮೊದಲನೇ ಸಲ ನನ್ನ ದನಿ ಹೊರಗ ಬರಲಿಲ್ಲ.

“ಏನಂದಿ? ಕೇಳಲಿಲ್ಲ, ಜೋರ ಹೇಳು!” ಅಂದ್ಳು ಆಯಿ.

ಜೋರ ಹೇಳು ಅಂತ ನನಗ ಯಾರರ ಅಂದಿದ್ರೇನ್ರಿ? “ಇಲ್ಲ ಆಯೀ! ಉಂಡಿಲ್ಲಾ!” ಅಂತ ಇದ್ದಷ್ಟು ದನಿ ತಗದು ಚೀರಿದೆ. ಕಣ್ಣೀರೂ ಬಂತು, ನಗೂನೂ ಬಂತು.

ಆಯಿ ಒಳಗ ಬಾಗಲ ಹಿಂದ ನಿಂತ ಹುಡಿಗಿ ಕಡೆ ಹೊಳ್ಳಿ ಪಿಸುಗುಟ್ಟಿದ್ಳು. ಆಕಿ ಲೆಕ್ಕದಾಗ ಅದೂ ಪಿಸುಮಾತು; ಇಡೀ ಓಣಿಗೆ ಕೇಳ್ತು: “ಕೂಸ, ಇವನ್ನ ಕಳಕೋಬ್ಯಾಡ! ನೀ ಒಲ್ಲೆಂದ್ರ ನಾ ಆಗ್ತೇನಿ!”

ಬಾಗಲ ಹಿಂದಿಂದ ಉತ್ತರ ಬಂತು. ಇಷ್ಟು ವರ್ಷ ಆಯಿಗೆ ಕೇಳೂಹಂಗ ಮಾತಾಡಿ ಮಾತಾಡಿ ಪಳಗಿದ ದನಿ:

“ಆಯೀ, ನೀ ಸುಮ್ಮನ ಕುಂಡ್ರು! ಇವರನ್ನ ನಾನ ಮಾಡಕೋತೇನಿ!”

ಹಿತ್ತಲದಾಗ ಕಟ್ಟಿದ್ದ ಎತ್ತು ಹಗ್ಗ ಹರಕೊಂಡು ಓಡಿತು. ಎಲ್ಲಾರೂ ನನ್ನ ಮಾರಿ ನೋಡಿದ್ರು. ನಾ ಅರಾಮ ಕುಂತಿದ್ದೆ. ಈ ಸಲ ಅದು ಓಡಿದ್ದು ನನ್ನ ದನಿಗಲ್ಲ.