ಎರಡು ಮೂಗಿನ ನಾಣ್ಯ

ಚಿಲ್ಲರೆಯಲ್ಲಿ ಬಂದ ನಾಣ್ಯದ ಮೇಲಿನ ದೊರೆಗೆ ಎರಡು ಮೂಗುಗಳಿದ್ದವು. ದರ್ಜಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಎರಡೇ. ಎದುರಂಗಡಿಯ ಕ್ಷೌರಿಕ ಗಿರಾಕಿಯ ಅರ್ಧ ಗಡ್ಡವನ್ನು ಹಾಗೇ ಬಿಟ್ಟು ಬಂದು ಇಣುಕಿದ.

“ಇದು ಟಂಕಸಾಲೆಯವರ ತಪ್ಪು ಕಣಯ್ಯಾ. ಇಂಥ ನಾಣ್ಯಕ್ಕೆ ಬಂಗಲೆ ಬರುತ್ತೆ ಅಂತ ಪೇಪರಲ್ಲಿ ಓದಿದೀನಿ.”

ಮಧ್ಯಾಹ್ನದೊಳಗೆ ಬೀದಿಯೆಲ್ಲ ಸುದ್ದಿ. ತೊಳೆಯಬೇಕೆಂದು ಒಬ್ಬರು, ಮುಟ್ಟಲೇಬಾರದೆಂದು ಇನ್ನೊಬ್ಬರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡಿ ಎಂದು ಹೆಂಡತಿ ಎಚ್ಚರಿಸಿದಳು. ಅಷ್ಟರಲ್ಲಿ ದರ್ಜಿ, ಇನ್ನು ಹೊಲಿಯುವುದೇಕೆಂದು, ತನಗೆ ಅನ್ನ ಕೊಡುತ್ತಿದ್ದ ಹೊಲಿಗೆಯಂತ್ರವನ್ನು ನಾದಿನಿಗೆ ದಾನ ಮಾಡಿಯಾಗಿತ್ತು. ನಾದಿನಿ ಸಾಗಿಸಿಯೂ ಆಗಿತ್ತು.

ಬೆಲೆ ಕಟ್ಟಿಸಲು ಹೋದ ಹಳೆ ನಾಣ್ಯದಂಗಡಿಯ ಹಿರಿಯರು ತೊಟ್ಟಿದ್ದ ಕೋಟು ದರ್ಜಿಯೇ ಹೊಲಿದದ್ದು. ಬಟ್ಟೆ ಹೊದಿಸಿದ ಅದರ ಗುಂಡಿಗಳನ್ನು ಕಂಡು ಅವನಿಗೆ ಹೆಮ್ಮೆಯಾಯಿತು. ಹಿರಿಯರು ಮೊದಲು ಒಳ್ಳೆಯ ನಾಣ್ಯವೊಂದನ್ನು ಭೂತಗನ್ನಡಿಯಲ್ಲಿ ತೋರಿಸಿದರು. ದರ್ಜಿ ಬಗ್ಗಿ ಕಣ್ಣು ಕೀಲಿಸಿದ. ದೊರೆಯ ಹುಬ್ಬಿನ ಒಂದೊಂದು ಕೂದಲೂ ಎದ್ದು ನಿಂತಿತ್ತು. ಇಂಥ ಕಸೂತಿಯನ್ನು ಜೇಬಿನಲ್ಲಿ ಹಾಕಿ ಕುಲುಕುತ್ತ ತಿರುಗಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

“ನಿಮ್ಮದರಲ್ಲಿ ಎರಡನೇ ಮೂಗು ಒಳಕ್ಕೆ ಕುಸಿದಿದೆ, ದಿಕ್ಕೂ ತಿರುಗಿದೆ,” ಎಂದರು ಹಿರಿಯರು. “ಯಾರೋ ಇನ್ನೊಂದು ನಾಣ್ಯ ಮೇಲಿಟ್ಟು ಸುತ್ತಿಗೇಲಿ ಹೊಡೆದಿದಾರೆ. ಹುಟ್ಟುವಾಗ ಆದದ್ದು ತಪ್ಪು, ಅದಕ್ಕೆ ಬೆಲೆ ಉಂಟು. ಹುಟ್ಟಿದ ಮೇಲೆ ಆದದ್ದು ಗಾಯ, ಅದನ್ನ ಯಾರು ಕೇಳ್ತಾರೆ?”

ಕೊಟ್ಟುಬಿಟ್ಟ ಯಂತ್ರ ದರ್ಜಿಗೆ ನೆನಪಾಯಿತು. ನಿಜವಾದ ತಪ್ಪು ಹೇಗಿರುತ್ತದೆ ಎಂದು ಕ್ಷೀಣವಾಗಿ ಕೇಳಿದ.

ಹಿರಿಯರು ಕಣ್ಣು ಮುಚ್ಚಿದರು. “ಅಚ್ಚೇ ಬೀಳದ ಬಿಲ್ಲೆ. ಎರಡೂ ಕಡೆ ಬೋಳು, ಸುತ್ತ ಉಬ್ಬಿದ ಅಂಚು ಮಾತ್ರ. ಅಂಥದೊಂದನ್ನ ಕೈಯಲ್ಲಿ ಹಿಡೀಬೇಕು ಅಂತ ಆಯಸ್ಸೆಲ್ಲ ಕಾದೆ. ತಂದುಕೊಟ್ಟವರಿಗೆ ಈ ಅಂಗಡೀನೇ ಬರೆದುಕೊಡ್ತೀನಿ.” ಹಾಗೆನ್ನುತ್ತ ಅವರು ಕೋಟಿನ ನಡುಗುಂಡಿಯನ್ನು ತಿರುವುತ್ತಿದ್ದರು.

ದರ್ಜಿಯ ಕಣ್ಣು ಆ ಗುಂಡಿಯ ಮೇಲೆ ನಿಂತಿತು. ಆ ಕೋಟು ಹೊಲಿಯುವಾಗ ಒಂದು ಗುಂಡಿ ಕಡಿಮೆ ಬಿದ್ದಿತ್ತು. ಯಾವ ಅಂಗಡಿಯವನೂ ತೆಗೆದುಕೊಳ್ಳದ ಬೋಳು ನಾಣ್ಯವೊಂದು ಡ್ರಾಯರಿನಲ್ಲಿತ್ತು. ಅದಕ್ಕೇ ಬಟ್ಟೆ ಹೊದಿಸಿ ನಡುಗುಂಡಿಯಾಗಿ ಹೊಲಿದುಬಿಟ್ಟಿದ್ದ.

“ಸ್ವಾಮೀ, ನೀವು ಹಿಡಿದುಕೊಂಡಿರೋದೇ ಅದು.”

ಹಿರಿಯರು ಗುಂಡಿಯನ್ನು ಕಿತ್ತು, ಬಟ್ಟೆಯನ್ನು ಅಂಚಿನಿಂದ ಸುಲಿಯತೊಡಗಿದರು. ಉಬ್ಬಿದ ಅಂಚು ಹೊಳೆಯಿತು. ಅವರ ಕಣ್ಣು ತುಂಬಿತು. ಇಬ್ಬರೂ ದೇವರ ಮುಂದೆ ನಿಂತವರಂತೆ ನಿಂತರು. ಕೊನೆಗೆ ನಡುಭಾಗದ ಬಟ್ಟೆಯೂ ಬಿಟ್ಟುಕೊಂಡಿತು. ಅಲ್ಲಿ ಎರಡು ತೂತುಗಳಿದ್ದವು.

“ಇದು?”

“ದಾರ ಹಾಕೋಕೆ ನಾನೇ ಕೊರೆದದ್ದು, ಸ್ವಾಮಿ.”

ಹಿರಿಯರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ತೂತು ಮಾತ್ರ ಬಹಳ ಅಂದವಾಗಿ ಬಂದಿದೆ,” ಎಂದು ಬೆರಗಿನಿಂದಲೇ ಹೇಳಿ, ಕೋಟು ಬಿಚ್ಚಿ ಮುಂದಿಟ್ಟರು. “ಮತ್ತೆ ಹೊಲಿದುಕೊಡಿ.”

ದರ್ಜಿ ಸೂಜಿಗೆ ದಾರ ಪೋಣಿಸಿದ. ಯಂತ್ರವಿಲ್ಲದೆ ಮಾಡಬಹುದಾದ ಕೆಲಸ ಅದೊಂದೇ ಉಳಿದಿತ್ತು.