ಮುನಿರಾಜಣ್ಣನ ಏಕೈಕ ಕೊಲೆ

ಯಾವ ಕೊಲೆಯನ್ನೂ ಬಹುಕಾಲ ಮುಚ್ಚಿಡಲು ಸಾಧ್ಯವಿಲ್ಲ, ಸತ್ಯವು ಎಂದಾದರೊಂದು ದಿನ ಹೊರಬಂದೇ ತೀರುತ್ತದೆ ಎಂದು ಹಿರಿಯರು ಹೇಳುತ್ತಾರೆ. ನಮ್ಮ ಕೊಲೆ ಅದೇ ದಿನ ಸಂಜೆ ಹಾಲಿನ ಡೈರಿಯ ಮುಂದೆ ಹೊರಬಿತ್ತು. ಹೊರಹಾಕಿದವನು ನಾನೇ.

ಕೋಲಾರದ ನಮ್ಮ ಕಾಲೇಜಿನಲ್ಲಿ ಪತ್ರಿಕೋದ್ಯಮದ ಕೊನೆಯ ವರ್ಷದವರೆಲ್ಲ ತಂಡ ಕಟ್ಟಿಕೊಂಡು ಐದು ನಿಮಿಷದ ಕಿರುಚಿತ್ರ ಮಾಡಬೇಕೆಂದು ಮೇಡಂ ಅಪ್ಪಣೆ ಕೊಡಿಸಿದರು. ಒಂದು ತಂಡ ದೆವ್ವದ ಸಿನಿಮಾ ಮಾಡಬೇಕು, ಒಂದು ಪ್ರೇಮದ್ದು, ಒಂದು ಹಾಸ್ಯದ್ದು. ಚೀಟಿ ಎತ್ತಿದಾಗ ನಮಗೆ ಥ್ರಿಲ್ಲರ್ ಬಂತು. ಮುಗಿದ ಮೇಲೆ ಪ್ರತಿಯೊಬ್ಬರೂ ತರಗತಿಯ ಮುಂದೆ ನಿಂತು, ಇದರಿಂದ ತಾವು ಕಲಿತದ್ದೇನು ಎಂದು ಹೇಳಬೇಕೆಂಬ ನಿಯಮವೂ ಇತ್ತು. ಅಲ್ಲಿ ನಾನು ಹೇಳಿದ್ದು ಸ್ವಲ್ಪವೇ. ಮಿಕ್ಕದ್ದು ಇಲ್ಲಿದೆ.

ತಂಡದಲ್ಲಿ ನಾವು ಮೂವರು. ಕೋಲಾರದ ಶಾಹಿನಾ ಬಳಿ ಒಳ್ಳೆಯ ಕ್ಯಾಮೆರಾದ ಫೋನಿತ್ತು, ಎಡಿಟಿಂಗೂ ಬರುತ್ತಿತ್ತು. ಟೇಕಲ್‌ನ ನವೀನ ಬಿಸಿಲಲ್ಲಿ ನೆಲದ ಮೇಲೆ ಮಲಗಲು ಒಪ್ಪಿದ್ದರಿಂದ ಅವನು ಹೆಣವಾದ. ನನ್ನ ಬಳಿ ಫೋನೂ ಸರಿಯಿರಲಿಲ್ಲ, ಮಲಗುವ ಮನಸ್ಸೂ ಇರಲಿಲ್ಲ. ಆದ್ದರಿಂದ ನಿರ್ದೇಶಕನಾದೆ. ತರಗತಿಯಲ್ಲಿ ನನ್ನನ್ನು 'ತಾತ' ಎಂದು ಕರೆಯುತ್ತಾರೆ. ಬೇಸಿಗೆಯಲ್ಲೂ ಕೊಡೆ ಹಿಡಿದು ಬರುವುದು, ಬಸ್ ಕಂಡಕ್ಟರಿಗೆ 'ತಾವು' ಎನ್ನುವುದು ಅದಕ್ಕೆ ಕಾರಣಗಳಂತೆ. ಇಂಥ ಗಾಂಭೀರ್ಯವಿಲ್ಲದೆ ಕೊಲೆಯ ಸಿನಿಮಾ ಮಾಡಲಾಗದು ಎಂಬುದು ನನ್ನ ಅಭಿಪ್ರಾಯವಾಗಿತ್ತು.

ಕಥೆ ನನ್ನದೇ. ಟೊಮೇಟೊ ತೋಟದಲ್ಲಿ ಒಬ್ಬನ ಕೊಲೆಯಾಗುತ್ತದೆ. ಎಲ್ಲರೂ ಎಲ್ಲರನ್ನೂ ಅನುಮಾನಿಸುತ್ತಾರೆ. ಕೊನೆಗೆ ನೋಡಿದರೆ ಕೊಂದವನು ಊರಿನ ಅತ್ಯಂತ ಸಾಧು ಮನುಷ್ಯ. ಅಂಥವನನ್ನು ಹುಡುಕಲು ನಾನು ಸುಗಟೂರಿನ ನಮ್ಮ ಮನೆಯಿಂದ ಹೊರಗೆ ಬಂದು ಪಕ್ಕದ ಬಾಗಿಲು ತಟ್ಟಿದರೆ ಸಾಕಿತ್ತು. ನನ್ನ ದೊಡ್ಡಪ್ಪನ ಮಗ ಮುನಿರಾಜಣ್ಣ ಅಲ್ಲೇ ಇದ್ದ. ಮುಖದ ತುಂಬ ಭಾರಿ ಮೀಸೆ. ಆದರೆ ಮೀಸೆಯ ಹಿಂದೆ ಹುಡುಕಿದರೂ ಒಂದು ಗದರಿಕೆ ಸಿಗುವುದಿಲ್ಲ. ಟೊಮೇಟೊ, ಹಿಪ್ಪುನೇರಳೆ ಬೆಳೆಯುತ್ತಾನೆ, ಹಸು ಸಾಕಿದ್ದಾನೆ. ಬೇಸಾಯದ ಹುಡುಗನೆಂದು ಹೆಣ್ಣಿನವರು ಒಬ್ಬರಾದ ಮೇಲೊಬ್ಬರು ಬಂದು, ಉಪ್ಪಿಟ್ಟು ತಿಂದು, ಹೋಗಿದ್ದರು. ಕಡೆಗೆ ದೇವರಾಯಸಮುದ್ರದ ರೂಪಾ ಎಂಬ ಹುಡುಗಿಯ ಸಂಬಂಧ ಕೂಡಿಬರುವ ಹಾಗಿತ್ತು. ದೊಡ್ಡಮ್ಮ ಆಗಲೇ ಗೋಡೆಗೆ ಸುಣ್ಣ ಹೊಡೆಸಿದ್ದಳು.

ಇಂಥ ಹೊತ್ತಿನಲ್ಲಿ ನಾನು ಹೋಗಿ ಅವನ ಕೈಗೆ ಮಚ್ಚು ಕೊಟ್ಟೆ.

"ಲೋ ಶಂಕ್ರಾ, ಈ ಹುಡುಗನಿಗೂ ನನಗೂ ಏನು ಜಗಳ?" ಎಂದ ಮುನಿರಾಜಣ್ಣ, ಟೊಮೇಟೊ ಸಾಲುಗಳ ನಡುವೆ ಮಲಗಿದ್ದ ನವೀನನನ್ನು ಮರುಕದಿಂದ ನೋಡುತ್ತ.

"ಬದುವಿನ ಜಗಳ ಅಣ್ಣ."

"ಅದಕ್ಕೆ ಸರ್ವೇಯರ್ ಕರೆಸಬೋದಲ್ಲ. ಕೊಲೆ ಯಾಕೆ?"

"ಸರ್ವೇಯರ್ ಬಂದ್ರೆ ಅದು ಥ್ರಿಲ್ಲರ್ ಆಗಲ್ಲ."

"ಸರ್ವೇಯರ್ ಯಾವತ್ತು ಬರ್ತಾನೆ ಅಂತ ಕಾಯೋದೇ ಥ್ರಿಲ್ಲರ್ ಕಣೋ" ಎಂದಳು ಬದುವಿನ ಮೇಲೆ ಕೂತಿದ್ದ ದೊಡ್ಡಮ್ಮ.

ರಕ್ತಕ್ಕೆ ಏನು ಮಾಡುವುದೆಂದು ಶಾಹಿನಾ ಕೇಳಿದಳು. ಟೊಮೇಟೊ ಬೆಳೆಯುವ ನಾಡಿನಲ್ಲಿ ಹುಟ್ಟಿ ರಕ್ತಕ್ಕಾಗಿ ಪರದಾಡುವುದೆಂದರೆ ನಾಡಿಗೇ ಅವಮಾನ. ಚೆನ್ನಾಗಿ ಕಳಿತ ಹಣ್ಣುಗಳನ್ನು ನವೀನನ ಅಂಗಿಯ ಮೇಲೆ ನಾನೇ ಸ್ವಹಸ್ತದಿಂದ ಹಿಸುಕಿದೆ. ಬಣ್ಣ ಬಂತು. ಬೀಜವೂ ಬಂತು, ಸಿಪ್ಪೆಯೂ ಬಂತು.

"ಒಗ್ಗರಣೆ ಒಂದು ಕಮ್ಮಿ" ಎಂದಳು ದೊಡ್ಡಮ್ಮ.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುನಿರಾಜಣ್ಣ ಮಚ್ಚನ್ನು ತಿರುಗಿಸಿ, ಅಲಗು ಮೇಲೆ ಬರುವಂತೆ ಹಿಡಿದು, ಎತ್ತಿದ. ಅವನ ಕಣ್ಣು ಸಣ್ಣದಾಯಿತು, ಹುಬ್ಬು ಗಂಟಾಯಿತು, ಮೀಸೆ ಅದುರಿತು. ಇಂಥ ಕ್ರೌರ್ಯವನ್ನು ನಾನು ಹೇಳಿಕೊಟ್ಟಿರಲಿಲ್ಲ. "ಕಟ್" ಎಂದು ಕೂಗಿದೆ. ಕೂಗಿದ ತೃಪ್ತಿಯಲ್ಲಿ ಅಲ್ಲಿಂದ ಸರಿದು ಹುಣಸೆ ಮರದ ನೆರಳಿಗೆ ಹೋಗಿ ನೀರು ಕುಡಿದೆ. ಹಿಂದೆ ಏನಾಗುತ್ತಿದೆಯೆಂದು ತಿರುಗಿ ನೋಡುವುದು ನಿರ್ದೇಶಕನ ಘನತೆಗೆ ತಕ್ಕದ್ದಲ್ಲ.

"ತಾತ, ಎಲ್ಲ ಸೇರಿಸಿದ್ರೂ ಐದು ನಿಮಿಷ ಬರಲ್ಲ" ಎಂದಳು ಶಾಹಿನಾ.

"ಇರೋದನ್ನೆಲ್ಲ ಹಾಕು. ಒಂದನ್ನೂ ಬಿಡಬೇಡ" ಎಂದೆ, ಉದಾರವಾಗಿ.

ಆ ಸಂಜೆ ಹಾಲು ಹಾಕಲು ಡೈರಿಗೆ ಹೋದೆ. ಪಕ್ಕದ ಟೀ ಅಂಗಡಿಯಲ್ಲಿ ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡಿದ್ದ ಅಪರಿಚಿತರೊಬ್ಬರು ಟೀ ಕುಡಿಯುತ್ತ, ಮುನಿರಾಜು ಎಂಬ ಹುಡುಗ ಹೇಗೆ ಎಂದು ಅವರಿವರನ್ನು ಕೇಳುತ್ತಿದ್ದರು. ನಮ್ಮ ಕಡೆ ಪರವೂರಿನ ಗಂಡಸು ಹೊತ್ತಲ್ಲದ ಹೊತ್ತಿನಲ್ಲಿ ಬಂದು, ಮದುವೆಯಾಗದ ಹುಡುಗನ ಜಮೀನು, ಅಭ್ಯಾಸ, ನಡತೆ ವಿಚಾರಿಸಿದರೆ ಅವರು ಯಾರೆಂದು ದನ ಕಾಯುವವರಿಗೂ ಗೊತ್ತಾಗುತ್ತದೆ. ನನಗೆ ಗೊತ್ತಾಗಲಿಲ್ಲ. ಚಿತ್ರದ ಸುದ್ದಿ ಆಗಲೇ ಹಬ್ಬಿ, ಪತ್ರಿಕೆಯವರು ಯಾರೋ ನಟನ ಬಗ್ಗೆ ತಿಳಿಯಲು ಬಂದಿದ್ದಾರೆ ಎಂದುಕೊಂಡೆ.

"ಬಂಗಾರದಂಥ ಹುಡುಗ. ಹಾಲಿಗೆ ತೊಟ್ಟು ನೀರು ಹಾಕಲ್ಲ" ಎಂದರು ಡೈರಿಯ ಸೆಕ್ರೆಟರಿ.

ಇಷ್ಟಕ್ಕೆ ನಿಂತಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ನಾನು ಕ್ಯಾನು ಕೆಳಗಿಟ್ಟು ಮುಂದೆ ಬಂದೆ.

"ಇವರಿಗೆ ಗೊತ್ತಿರೋದು ಬರೀ ಹಾಲಿನ ಮುನಿರಾಜು ಸರ್. ನಾನು ಇವತ್ತು ಇನ್ನೊಬ್ಬ ಮುನಿರಾಜುನ ನೋಡ್ದೆ. ಬೆಳಿಗ್ಗೆ ಒಂದು ಕೊಲೆ ಮಾಡ್ದ."

ಅವರ ಟೀ ಲೋಟ ತುಟಿಯ ಹತ್ತಿರ ನಿಂತಿತು.

"ಸಿನಿಮಾದಲ್ಲಿ. ಡೈರೆಕ್ಟರ್ ನಾನೇ. ಆದ್ರೆ ಸರ್, ಅದು ನಟನೆ ಅಲ್ಲ. ನಾನು ಒಂದಕ್ಷರ ಹೇಳಿಕೊಟ್ಟಿಲ್ಲ. ಆ ಕ್ರೌರ್ಯ ರಕ್ತದಲ್ಲೇ ಇರ್ಬೇಕು."

"ಕೋಪ ಜಾಸ್ತೀನಾ?"

"ಕೋಪ ಆಗಿದ್ರೆ ಪರವಾಗಿಲ್ಲ. ಕೋಪ ಹೊರಗೆ ಕಾಣ್ಸುತ್ತೆ. ಇದು ತಣ್ಣಗೆ ಒಳಗೇ ಇರುತ್ತೆ. ಮನೆಯವರಿಗೂ ಗೊತ್ತಾಗಲ್ಲ."

ಅವನಿಗೆ ನಾನು ಏನಾಗಬೇಕೆಂದು ಅವರು ಕೇಳಿದರು, ಚಿಕ್ಕಪ್ಪನ ಮಗ ಎಂದೆ. ನನಗೂ ಒಂದು ಟೀ ಹೇಳಿದರು. ಕಲೆಯನ್ನು ಗೌರವಿಸುವವರು ಇನ್ನೂ ಇದ್ದಾರೆ ಎಂದು ಸಂತೋಷಪಟ್ಟು ಕುಡಿದೆ.

ಮರುದಿನ ದೇವರಾಯಸಮುದ್ರದಿಂದ ದೊಡ್ಡಮ್ಮನಿಗೆ ಫೋನು ಬಂತು. 'ಯೋಚನೆ ಮಾಡಿ ಹೇಳ್ತೀವಿ' ಎಂದರಂತೆ. ನಮ್ಮ ಕಡೆ ಹೀಗೆಂದರೆ ಯೋಚನೆ ಮುಗಿದಿದೆ ಎಂದು ಅರ್ಥ.

"ಡೈರಿ ಹತ್ರ ಏನ್ಲಾ ಹೇಳ್ದೆ?" ಎಂದು ದೊಡ್ಡಮ್ಮ ನನ್ನನ್ನು ಕೊಟ್ಟಿಗೆಗೆ ಕರೆಸಿಕೊಂಡು ಕೇಳಿದಳು.

"ಹೊಗಳ್ದೆ ದೊಡ್ಡಮ್ಮ."

"ಅವರು ಹುಡುಗಿ ಸೋದರಮಾವ ಕಣೋ."

"ಸಿನಿಮಾ ಅಂತ ಹೇಳಿದ್ನಲ್ಲ."

"ಸಿನಿಮಾ ಅಂತ ಅವರಿಗೂ ಗೊತ್ತು. ಅದನ್ನ ಮಾಡಿಸಿದೋನೇ, ಅದೂ ಚಿಕ್ಕಪ್ಪನ ಮಗ, ರಕ್ತದಲ್ಲೇ ಐತೆ ಅಂದ್ಮೇಲೆ ನಾವೇನು ಮಾಡೋಣಮ್ಮ ಅಂದ್ರು."

ಮುನಿರಾಜಣ್ಣ ಹಸುವಿನ ಮೈ ತೊಳೆಯುತ್ತಿದ್ದ. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಬಿಡವ್ವ" ಎಂದ. ಮತ್ತೆ ನೀರು ಸುರಿಯುತ್ತ, ಹಸುವಿಗೆ ಹೇಳುವ ಹಾಗೆ, "ಹಿಂದೆ ಬಂದೋರೆಲ್ಲ ಬೆಂಗಳೂರು ಇಲ್ಲಿಂದ ಎಷ್ಟು ದೂರ ಅಂತ ಕೇಳ್ತಿದ್ರು. ಈ ಹುಡುಗಿ ಹಸುಗಳ ಹೆಸರು ಕೇಳಿದ್ಲು" ಎಂದ.

ಇಷ್ಟಾದರೂ ನಾನು ಧೈರ್ಯಗೆಡಲಿಲ್ಲ. "ನಾನೇ ಹೋಗಿ ಬಿಡಿಸಿ ಹೇಳ್ತೀನಿ ದೊಡ್ಡಮ್ಮ."

"ನೀನು ಬಿಡಿಸಿ ಹೇಳಿದ್ದಕ್ಕೇ ಇಷ್ಟಾಗಿರೋದು."

ಆದರೂ ಭಾನುವಾರ ನಾನು, ಶಾಹಿನಾ ಕೋಲಾರದಲ್ಲಿ ಬಸ್ಸು ಹತ್ತಿ ಮುಳಬಾಗಿಲಿನ ದಾರಿ ಹಿಡಿದೆವು. ಥ್ರಿಲ್ಲರ್ ಎಂಬುದು ಒಂದು ಕಲಾಪ್ರಕಾರ, ಅದರಲ್ಲಿ ಕೊಲೆಗಾರನು ಎಷ್ಟು ಭಯಂಕರನೋ ನಟನು ಅಷ್ಟು ದೊಡ್ಡವನು ಎಂದು ತಿಳಿಸಿ, ಪ್ರಮಾಣಕ್ಕೆ ಸಿನಿಮಾವನ್ನೇ ತೋರಿಸುವುದು ನನ್ನ ಯೋಜನೆ. ಎಡಿಟಿಂಗ್ ಮುಗಿದಿತ್ತು. "ತಾತ, ಅಲ್ಲಿ ಹಾಕೋಕ್ಕೆ ಮುಂಚೆ ನೀನೊಂದು ಸಲ ನೋಡ್ಬಿಡು" ಎಂದು ಶಾಹಿನಾ ಬಸ್ಸಿನಲ್ಲಿ ಫೋನು ಮುಂದೆ ಹಿಡಿದಳು. ಬೇಡವೆಂದೆ. ನಿರ್ದೇಶಕನು ತನ್ನ ಕೃತಿಯನ್ನು ಪ್ರೇಕ್ಷಕರ ಜೊತೆಯಲ್ಲೇ ಮೊದಲು ನೋಡಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಸ್ವಂತ ಸಿದ್ಧಾಂತ.

ದೇವರಾಯಸಮುದ್ರದ ಮನೆಯಲ್ಲಿ ಹುಡುಗಿಯ ತಂದೆ, ಟೀ ಕೊಡಿಸಿದ್ದ ಆ ಸೋದರಮಾವ, ಮಂಚದ ಮೇಲೆ ತೆಲುಗು ಮಾತಾಡುವ ಅಜ್ಜಿ. ಅಡುಗೆಮನೆಯ ಬಾಗಿಲಿಗೆ ಒರಗಿ ರೂಪಾ ನಿಂತಿದ್ದಳು. ನಾನು ಎದ್ದು ನಿಂತು ಕಲಾಪ್ರಕಾರದಿಂದ ಶುರು ಮಾಡಿದೆ. ಅಜ್ಜಿ ಎಲೆ ಅಡಿಕೆ ಪಕ್ಕಕ್ಕೆ ಸರಿಸಿ, "ಸೋದಿ ಚಾಲು, ಬೊಮ್ಮ ವೇಯಿ" ಎಂದಳು. ಹರಟೆ ಸಾಕು, ಸಿನಿಮಾ ಹಾಕು ಎಂದು. ಶಾಹಿನಾ ಫೋನನ್ನು ಟಿವಿಗೆ ಜೋಡಿಸಿದಳು.

ಟೊಮೇಟೊ ತೋಟ ಬಂತು. ಮುನಿರಾಜಣ್ಣ ಮಚ್ಚು ಎತ್ತಿದ. ಕಣ್ಣು ಸಣ್ಣದಾಯಿತು, ಹುಬ್ಬು ಗಂಟಾಯಿತು. ದೊಡ್ಡ ಪರದೆಯಲ್ಲಿ ಆ ಕ್ರೌರ್ಯದ ಮೂಲವೂ ಸ್ಪಷ್ಟವಾಗಿ ಕಂಡಿತು. ಬಿಸಿಲು ನೇರವಾಗಿ ಅವನ ಮುಖಕ್ಕೆ ಹೊಡೆಯುತ್ತಿತ್ತು. ಮಚ್ಚು ಇಳಿಸುವ ಹೊತ್ತಿಗೆ ಕಣ್ಣು ಗಟ್ಟಿಯಾಗಿ ಮುಚ್ಚಿ, ಮುಖ ಆಚೆ ತಿರುಗಿಸಿದ.

ಆಮೇಲೆ ನನ್ನ "ಕಟ್" ಕೇಳಿಸಿತು. ಚಿತ್ರ ಮಾತ್ರ ಕಟ್ ಆಗಲಿಲ್ಲ. ಇರುವುದನ್ನೆಲ್ಲ ಹಾಕು ಎಂದಿದ್ದೆನಲ್ಲ, ಶಾಹಿನಾ ಹಾಕಿದ್ದಳು.

"ತಗುಲ್ತೇನಪ್ಪಾ?" ಎಂದು ಕೊಲೆಗಾರ ಹೆಣವನ್ನು ಕೇಳಿದ. "ಇಲ್ಲಣ್ಣ" ಎಂದಿತು ಹೆಣ. ಎರಡು ಕೋಳಿ ಬಂದು ಹೆಣದ ಎದೆಯ ಮೇಲಿನ ರಕ್ತದಲ್ಲಿ ಬೀಜ ಹೆಕ್ಕತೊಡಗಿದವು. ಹೆಣಕ್ಕೆ ಕಚಗುಳಿಯಾಯಿತು. ಕೊಲೆಗಾರ ಹೆಗಲ ಟವೆಲ್ಲಿನಿಂದ ಕೋಳಿ ಓಡಿಸಿ, ಅದೇ ಟವೆಲ್ಲನ್ನು ಹೆಣದ ಮುಖಕ್ಕೆ ಬಿಸಿಲು ತಾಗದಂತೆ ಹೊದಿಸಿದ. ಅಷ್ಟರಲ್ಲಿ ಸಾಲಿನ ತುದಿಯಲ್ಲಿ ಡ್ರಿಪ್ ಪೈಪು ಒಡೆದು ನೀರು ಚಿಮ್ಮುತ್ತಿದ್ದುದು ಅವನ ಕಣ್ಣಿಗೆ ಬಿತ್ತು. "ಅಯ್ಯೋ" ಎಂದ. ಕೊಲೆ ಮಾಡುವಾಗ ಇಲ್ಲದ ಗಾಬರಿ ಆಗ ಅವನ ಮುಖದಲ್ಲಿ ಕಂಡಿತು. ಮಚ್ಚು ಎಸೆದು ಓಡಿ, ಜೇಬಿನಿಂದ ಏನೋ ತೆಗೆದು, ಹಲ್ಲಿನಿಂದ ಎಳೆದು ಪೈಪಿಗೆ ಸುತ್ತಿ ಕಟ್ಟಿದ. ನೀರು ನಿಂತ ಮೇಲೆ ಕೈ ಒರೆಸಿಕೊಂಡು ಕ್ಯಾಮೆರಾ ಕಡೆ ನೋಡಿ ನಕ್ಕ. ಸಿನಿಮಾ ಮುಗಿಯಿತು.

ಹುಡುಗಿಯ ತಂದೆ ಕೆಮ್ಮುತ್ತಿದ್ದರು. ಅದು ಕೆಮ್ಮಲ್ಲ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ವೀಡು ಕೋಡಿನಿ ಕೂಡ ಕೊಯ್ಯಲೇಡು" ಎಂದಳು. ಇವನು ಕೋಳಿಯನ್ನೂ ಕೊಯ್ಯಲಾರ ಎಂದು.

"ಪೈಪಿಗೆ ಕಟ್ಟಿದ್ದು ಏನು?" ಎಂದಳು ರೂಪಾ, ಮೊದಲ ಸಲ ಬಾಯಿಬಿಟ್ಟು.

"ಸೈಕಲ್ ಟ್ಯೂಬ್ ಚೂರು. ಯಾವಾಗ್ಲೂ ಜೇಬಲ್ಲಿ ಇಟ್ಕೊಂಡಿರ್ತಾನೆ" ಎಂದೆ.

"ಮಾಮಾ, ಇವರನ್ನ ಕೊಲೆಗಾರ ಅಂತ ನಂಬಿರೋದು ಡೈರೆಕ್ಟರ್ ಒಬ್ಬರೇ" ಎಂದಳು ಅವಳು.

ಸೋದರಮಾವ ಮಾತ್ರ ನಗಲಿಲ್ಲ. ವಿಚಾರಣೆಗೆ ಹೋಗಿದ್ದವರು ಅವರು, ನಾಳೆ ಏನಾದರೂ ಆದರೆ ಮಾತು ಬರುವುದು ಅವರ ಮೇಲೆ. ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. "ನೋಡಪ್ಪಾ, ಆವತ್ತು ಕ್ರೌರ್ಯ ರಕ್ತದಲ್ಲೇ ಐತೆ ಅಂತ ನೀನೇ ಅಂದೆ. ಈಗ ಎಲ್ಲರ ಮುಂದೆ ಹೇಳು. ಹುಡುಗ ಒಳ್ಳೆಯವನಾ, ಇಲ್ಲ ಸಿನಿಮಾ ಒಳ್ಳೇದಾ? ಎರಡರಲ್ಲಿ ಒಂದು ಹೇಳು."

ಇಂಥ ಪ್ರಶ್ನೆ ಯಾವ ನಿರ್ದೇಶಕನಿಗೂ ಬರಬಾರದು. ಪರದೆಯ ಮೇಲಿನ ಆ ಕಣ್ಣುಗಳನ್ನು ಇನ್ನೊಮ್ಮೆ ಗಮನಿಸಿ ನೋಡಿದರೆ ಕ್ರೌರ್ಯದ ಛಾಯೆ ಸ್ವಲ್ಪವಾದರೂ ಕಾಣುತ್ತದೆ ಎಂದು ಹೇಳಲು ನನ್ನ ಬಾಯಿ ತೆರೆದೇ ಇತ್ತು. ಶಾಹಿನಾ ನನ್ನ ಕಾಲು ತುಳಿದಳು. ಕೊಟ್ಟಿಗೆಯಲ್ಲಿ ಹಸುವಿನ ಜೊತೆ ಮಾತಾಡುತ್ತಿದ್ದ ಬೆನ್ನು ನೆನಪಾಯಿತು.

"ಸಿನಿಮಾ ಚೆನ್ನಾಗಿಲ್ಲ ಸರ್" ಎಂದೆ.

"ಗಟ್ಟಿಯಾಗಿ ಹೇಳು ತಾತ. ಅಜ್ಜಿಗೆ ಕೇಳಿಸ್ಲಿಲ್ಲ" ಎಂದಳು ಶಾಹಿನಾ.

"ಸಿನಿಮಾ ಚೆನ್ನಾಗಿಲ್ಲ. ನನಗೆ ಡೈರೆಕ್ಷನ್ ಬರಲ್ಲ. ಮನುಷ್ಯರ ಮುಖ ನೋಡಿ ತಿಳ್ಕೊಳ್ಳೋ ಶಕ್ತಿ ನನಗಿಲ್ಲ."

"ಕೊನೇದು ನಾನು ಕೇಳಿರ್ಲಿಲ್ಲ. ಆದ್ರೂ ಇರ್ಲಿ" ಎಂದು ಸೋದರಮಾವ ಎದ್ದು ದೊಡ್ಡಮ್ಮನಿಗೆ ಫೋನು ಮಾಡಿದರು. ಅಜ್ಜಿ ಸಿನಿಮಾವನ್ನು ಇನ್ನೊಮ್ಮೆ ಹಾಕಿಸಿದಳು. ಅದನ್ನು ಕೇಳಿ ಪಕ್ಕದ ಮನೆಯವರೂ ಬಂದರು. ಪೈಪು ಕಟ್ಟುವ ಜಾಗದಲ್ಲಿ ಯಾರೋ ಶಿಳ್ಳೆ ಹೊಡೆದರು.

ತರಗತಿಯಲ್ಲೂ ಬೇರೇನಾಗಲಿಲ್ಲ. ಮೇಡಂ ಕನ್ನಡಕ ತೆಗೆದು ನಕ್ಕರು. ನವೀನ, ತನ್ನ ಪಾತ್ರ ಎಲ್ಲರಿಗೂ ಮೆಚ್ಚಿಗೆಯಾಯಿತೆಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಹಾಸ್ಯಚಿತ್ರ ಮಾಡಿದ ತಂಡ ಮಾತ್ರ ನಮ್ಮ ಮೇಲೆ ದೂರು ಕೊಟ್ಟಿತು. ಅವರ ಸಿನಿಮಾಕ್ಕೆ ಯಾರೂ ನಕ್ಕಿರಲಿಲ್ಲ. ನನ್ನ ಸರದಿ ಬಂದಾಗ ನಾನು ಕೊಡೆಯನ್ನು ಬೆಂಚಿಗೆ ಒರಗಿಸಿ, ಎದ್ದು, ಕೊಲೆಗಾರನ ಪಾತ್ರಕ್ಕೆ ಮದುವೆಯಾದವರನ್ನು ಆರಿಸಿಕೊಳ್ಳುವುದು ಕ್ಷೇಮ ಎಂಬ ಪಾಠವನ್ನು ಈ ಪ್ರಯೋಗದಿಂದ ಕಲಿತೆನೆಂದು ಅರಿಕೆ ಮಾಡಿಕೊಂಡೆ. ಮುಂದಿನ ಚಿತ್ರದ ಬಗ್ಗೆ ಕೇಳುತ್ತಾರೆಂದು ನಿಂತೇ ಇದ್ದೆ. ಮೇಡಂ ಕೂರಲು ಹೇಳಿದರು.

ಮುಳಬಾಗಿಲಿನ ಛತ್ರದಲ್ಲಿ ಮುನಿರಾಜಣ್ಣನ ಮದುವೆಯಾಯಿತು. ವಿಡಿಯೊ ತೆಗೆಯುವ ಕೆಲಸವನ್ನು ಹೆಣ್ಣಿನ ಕಡೆಯವರು ಶಾಹಿನಾಗೆ ಕೊಟ್ಟರು. ನನ್ನನ್ನು ಊಟದ ಪಂಕ್ತಿಯಲ್ಲಿ ಉಪ್ಪು ಬಡಿಸಲು ಹಾಕಿದ್ದರು.